ಮೂರ್ಛೆರೋಗವಿರುವ ಗರ್ಭಿಣಿಯ ಚಿಕಿತ್ಸೆ: ವೈದ್ಯರ ಕಾನೂನು ಹೊಣೆಯನ್ನು ನಿಭಾಯಿಸುವ ಕ್ರಮ

ಮೂರ್ಛೆರೋಗಕ್ಕೆ ಮಾತ್ರೆ ನುಂಗುತ್ತಿರುವ ಯಾವುದೇ ಹೆಣ್ಣುಮಗಳ ಹಳೆಯ ಚೀಟಿಗಳನ್ನು ತಿರುವಿಹಾಕಿ ನೋಡಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಮೂರು ತಿಂಗಳು ಬಿಟ್ಟು ಬನ್ನಿ ಎಂಬುದೆಲ್ಲ ಇರುತ್ತದೆ. ಈ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಏನಾಗಬಹುದೆಂದು ಆಕೆಗೆ ಹೇಳಿದ್ದೀರಾ, ಯಾವತ್ತು ಹೇಳಿದಿರಿ, ಆಕೆ ಏನೆಂದಳು ಎಂಬುದು ಮಾತ್ರ ಇರುವುದಿಲ್ಲ. ಮುಂದೆ ನೋಟಿಸು ಬಂದಾಗ ವಕೀಲರು ಮೊದಲು ಹುಡುಕುವುದು ಆ ಸಾಲನ್ನೇ.

ತಪ್ಪುವುದು ಎರಡು ಕಡೆ. ಮಾಹಿತಿ ಕೊಡದೆ ಔಷಧಿ ಮುಂದುವರಿಸುವುದು ಒಂದು. ಕಾನೂನಿನ ಭಯಕ್ಕೆ ಮಾತ್ರೆ ಥಟ್ಟನೆ ನಿಲ್ಲಿಸುವುದು, ಬೇಕಾದ ಸಿಟಿ ಸ್ಕ್ಯಾನ್ ತಡೆಯುವುದು, ಕೈ ತೊಳೆದುಕೊಳ್ಳಲು ರೆಫರ್ ಮಾಡುವುದು ಇನ್ನೊಂದು. ಈ ಎರಡನೆಯದರಿಂದ ರಕ್ಷಣೆ ಸಿಗುತ್ತದೆಂದು ಹಲವರು ನಂಬಿದ್ದಾರೆ. ನ್ಯಾಯಾಲಯದ ಅಳತೆಗೋಲಿನಲ್ಲಿ ಅದೇ ಹೆಚ್ಚು ದುರ್ಬಲ. ಕೆಳಗಿನದು ತಾಲ್ಲೂಕು ಆಸ್ಪತ್ರೆಯ ವೈದ್ಯರು, ಹೆರಿಗೆ ತಜ್ಞರು, ನರರೋಗ ತಜ್ಞರು ಮೂವರಿಗೂ ಬರೆದದ್ದು. ಮೂರ್ಛೆರೋಗವೇ ಮುಖ್ಯ ವಿಷಯ; ಬಾಣಂತನದ ತಲೆನೋವು, ಮಯಸ್ತೇನಿಯಾ (ಸ್ನಾಯುಗಳ ಬಲ ಕುಂದಿಸುವ ಕಾಯಿಲೆ), ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ) ಬೇಕಾದಲ್ಲಿ ಬರುತ್ತವೆ.

ಯಾವ ಅಳತೆಗೋಲು

1995ರ ವಿ. ಪಿ. ಶಾಂತಾ ತೀರ್ಪಿನ ನಂತರ ದುಡ್ಡು ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾನೂನಿನಡಿ ‘ಸೇವೆ’. ಬಿಲ್ಲನ್ನು ವಿಮಾ ಕಂಪನಿ ಕಟ್ಟಿದರೂ ಅಷ್ಟೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆ ಇದರಿಂದ ಹೊರಗಿದ್ದರೂ ಸಿವಿಲ್ ದಾವೆ, ರಿಟ್ ಅರ್ಜಿ, ವೈದ್ಯಕೀಯ ಪರಿಷತ್ತಿನ ದೂರು ಇವುಗಳಿಂದ ಹೊರಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಎರಡು ವರ್ಷ ಅವಧಿ. ತಕ್ಕ ಕಾರಣವಿದ್ದರೆ ಗ್ರಾಹಕ ಆಯೋಗ ವಿಳಂಬವನ್ನು ಮನ್ನಿಸಬಹುದು.

ಕ್ರಿಮಿನಲ್ ಪ್ರಕರಣದ ಹೊಸ್ತಿಲು ಎತ್ತರದಲ್ಲಿದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ನಿರ್ಲಕ್ಷ್ಯ ಘೋರವಾಗಿರಬೇಕು, ಮತ್ತು ಪೊಲೀಸರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಈಗ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ನೋಂದಾಯಿತ ವೈದ್ಯರು ವೈದ್ಯಕೀಯ ಪ್ರಕ್ರಿಯೆ ನಡೆಸುವಾಗ ಹಾಗಾದರೆ ಶಿಕ್ಷೆ ಗರಿಷ್ಠ ಎರಡು ವರ್ಷ ಮತ್ತು ದಂಡ.

ಆದರೆ ಗರ್ಭಿಣಿಯ ಮೂರ್ಛೆರೋಗದ ವಿಷಯದಲ್ಲಿ ದಿನನಿತ್ಯ ಕೈಯಲ್ಲಿರಬೇಕಾದ ತೀರ್ಪು ಬೇರೆ: 2008ರ ಸಮೀರಾ ಕೊಹ್ಲಿ ವಿರುದ್ಧ ಡಾ. ಪ್ರಭಾ ಮನ್‌ಚಂದಾ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ದಾರಿಗಳಿದ್ದರೆ ಅವು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ತೊಂದರೆ. ಇಷ್ಟನ್ನು ರೋಗಿಗೆ ತಿಳಿಸಿದ ಮೇಲೆ ಸಿಕ್ಕ ಒಪ್ಪಿಗೆಯೇ ಒಪ್ಪಿಗೆ. ಎಲ್ಲೋ ಒಬ್ಬರಿಗೆ ಆಗಬಹುದಾದ ದೂರದ ಅಪಾಯಗಳನ್ನೆಲ್ಲ ಪಟ್ಟಿ ಮಾಡಬೇಕಿಲ್ಲ. ಮೂರ್ಛೆರೋಗದ ಔಷಧಿ ವಾಲ್ಪ್ರೊಯೇಟ್ ತೆಗೆದುಕೊಂಡ ತಾಯಂದಿರ ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ದೊಡ್ಡ ಅಂಗದೋಷ ಬರುವುದು ‘ದೂರದ ಅಪಾಯ’ ಎಂದು ಯಾವ ಆಯೋಗದ ಮುಂದೆಯೂ ವಾದಿಸಲಾಗದು.

ಮೊದಲ ಹೆಜ್ಜೆ: ಬಸುರಾಗುವ ಮುನ್ನವೇ ಹೇಳಿ, ಬರೆಯಿರಿ

ಮಗುವಿನ ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ. ಮುಟ್ಟು ನಿಂತು, ಎರಡು ವಾರ ಕಾದು, ಕಿಟ್ ತಂದು ನೋಡುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಆದ್ದರಿಂದ ಎಚ್ಚರಿಕೆ ಕೊಡುವ ಹೊಣೆ ಹೆರಿಗೆ ತಜ್ಞರಿಗಿಂತ ಮೊದಲು ಮಾತ್ರೆ ಬರೆಯುವವರ ಮೇಲಿದೆ. ಹದಿನೈದರ ಹುಡುಗಿಗೆ ವಾಲ್ಪ್ರೊಯೇಟ್ ಶುರುಮಾಡಿದವರು ಇಪ್ಪತ್ತೆರಡರ ತನಕ ‘ಕಂಟಿನ್ಯೂ’ ಎಂದಷ್ಟೇ ಬರೆದಿದ್ದರೆ, ಆಕೆ ಮದುವೆಯಾಗಿ ಎರಡು ತಿಂಗಳ ಬಸುರಿಯಾಗಿ ಬಂದಾಗ ಹೆರಿಗೆ ತಜ್ಞರ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ.

ಹೇಳಬೇಕಾದ ಅಂಕಿಗಳು ಇವು. 2018ರಲ್ಲಿ ಪ್ರಕಟವಾದ ಯುರಾಪ್ ಎಂಬ, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವ ಗರ್ಭಿಣಿಯರ ಅಂತರರಾಷ್ಟ್ರೀಯ ನೋಂದಣಿಯ ಲೆಕ್ಕದಲ್ಲಿ ದೊಡ್ಡ ಅಂಗದೋಷದ ಪ್ರಮಾಣ ವಾಲ್ಪ್ರೊಯೇಟ್‌ಗೆ ಶೇ 10.3, ಫಿನೋಬಾರ್ಬಿಟೋನ್ 6.5, ಫೆನಿಟಾಯಿನ್ 6.4, ಕಾರ್ಬಮಝೆಪಿನ್ 5.5, ಟೊಪಿರಮೇಟ್ 3.9, ಆಕ್ಸ್‌ಕಾರ್ಬಝೆಪಿನ್ 3.0, ಲ್ಯಾಮೊಟ್ರಿಜಿನ್ 2.9, ಲೆವೆಟಿರಾಸೆಟಾಮ್ 2.8. ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ತಾಯಂದಿರಲ್ಲೂ ನೂರಕ್ಕೆ ಎರಡು ಮೂರು ಇದ್ದೇ ಇರುತ್ತದೆ. ವಾಲ್ಪ್ರೊಯೇಟ್‌ನಲ್ಲಿ ಅಂಗದೋಷವಷ್ಟೇ ಅಲ್ಲ, ಮಗುವಿನ ಕಲಿಕೆ, ಮಾತು, ನಡವಳಿಕೆಯ ಬೆಳವಣಿಗೆ ಕುಂಠಿತವಾಗುವ ಸಾಧ್ಯತೆ ನೂರಕ್ಕೆ 30ರಿಂದ 40. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ. ‘ಸ್ಕ್ಯಾನಿಂಗ್ ನಾರ್ಮಲ್ ಇದೆ, ಮಗುವಿಗೆ ಏನೂ ತೊಂದರೆಯಿಲ್ಲ’ ಎಂದು ಭರವಸೆ ಕೊಡುವುದು ಹಾಗಾಗಿ ತಪ್ಪು ಮಾಹಿತಿ. ನಮ್ಮ ಪಕ್ಕದ ರಾಜ್ಯದಲ್ಲೇ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ, 1998ರಿಂದ ಮೂರ್ಛೆರೋಗವಿರುವ ಗರ್ಭಿಣಿಯರ ನೋಂದಣಿ ನಡೆದುಬಂದಿದೆ. ‘ಇದೆಲ್ಲ ವಿದೇಶದ ಲೆಕ್ಕ, ನಮಗೆ ತಿಳಿಯದು’ ಎನ್ನುವ ಸಮಜಾಯಿಷಿಗೆ ಜಾಗವಿಲ್ಲ.

ಆಕೆಗೆ ಗೊತ್ತಿರುವುದು ಕಂಪನಿಯ ಹೆಸರು. ವಾಲ್ಪರಿನ್, ಎನ್‌ಕೊರೇಟ್, ಎಪಿಲೆಕ್ಸ್ ಇವೆಲ್ಲ ವಾಲ್ಪ್ರೊಯೇಟ್. ಡೈವಾಲ್ಪ್ರೊಯೆಕ್ಸ್ ಎಂದು ಬರೆದರೂ ಮಗುವಿನ ಪಾಲಿಗೆ ಅದೇ ಔಷಧಿ. ಚೀಟಿಯಲ್ಲಿ ಮೂಲ ಔಷಧಿಯ ಹೆಸರನ್ನು ಬಿಡಿಸಿ ಬರೆಯಿರಿ. ಮೈಗ್ರೇನ್ ತಲೆನೋವಿಗೋ ಮನೋವೈದ್ಯರಲ್ಲೋ ಇದೇ ಔಷಧಿ ಶುರುವಾಗಿರುತ್ತದೆ, ‘ಫಿಟ್ಸ್ ಮಾತ್ರೆ ತಗೋತೀರಾ’ ಎಂದರೆ ಆಕೆ ಇಲ್ಲ ಎನ್ನುತ್ತಾಳೆ. ಮೈಗ್ರೇನ್ ತಡೆಗೆ ಗರ್ಭಿಣಿಗೆ ವಾಲ್ಪ್ರೊಯೇಟ್ ಕೊಡುವುದನ್ನು ಸಮರ್ಥಿಸಿಕೊಳ್ಳಲು ಸಾಧ್ಯವೇ ಇಲ್ಲ.

ಬದಲಾಯಿಸುವುದಿದ್ದರೆ ಬಸುರಿಗೆ ಮುನ್ನ ಬದಲಾಯಿಸಿ. ವಾಲ್ಪ್ರೊಯೇಟ್ ಇರುವಾಗ ಲ್ಯಾಮೊಟ್ರಿಜಿನ್ ಸೇರಿಸುವುದಾದರೆ ದಿನ ಬಿಟ್ಟು ದಿನ 25 ಮಿಲಿಗ್ರಾಂ ಎರಡು ವಾರ, ಆಮೇಲೆ ದಿನಕ್ಕೆ 25 ಇನ್ನೆರಡು ವಾರ, ಹೀಗೆ ನಿಧಾನ. ಅವಸರ ಮಾಡಿದರೆ ಮೈಯೆಲ್ಲ ಸುಲಿಯುವ ಸ್ಟೀವನ್ಸ್-ಜಾನ್ಸನ್ ಪ್ರತಿಕ್ರಿಯೆಯ ಅಪಾಯ ಹೆಚ್ಚು. ಅದರ ಮೊಕದ್ದಮೆ ಬೇರೆಯೇ ಬರುತ್ತದೆ. ಪೂರ್ತಿ ಬದಲಾವಣೆಗೆ ತಿಂಗಳುಗಳು ಬೇಕು.

ಗರ್ಭನಿರೋಧಕದ ಮಾತನ್ನೂ ಇಲ್ಲೇ ಆಡಬೇಕು. ಫೆನಿಟಾಯಿನ್, ಕಾರ್ಬಮಝೆಪಿನ್, ಫಿನೋಬಾರ್ಬಿಟೋನ್ ಇವು ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಇಳಿಸುತ್ತವೆ. ಲ್ಯಾಮೊಟ್ರಿಜಿನ್‌ನದು ತಿರುಗುಮುರುಗು: ಈಸ್ಟ್ರೊಜನ್ ಇರುವ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನು ಅರ್ಧದಷ್ಟು ತಗ್ಗಿಸಿ ಫಿಟ್ಸ್ ತರಿಸಬಹುದು. ಕಾಪರ್-ಟಿಗೆ ಈ ಯಾವ ತೊಡಕೂ ಇಲ್ಲ. ‘ಮಾತ್ರೆ ತಗೊಂಡರೂ ಬಸುರಾದೆ’ ಎಂಬ ದೂರಿಗೆ ಉತ್ತರ ಕೊಡಬೇಕಾದವರು ಫೆನಿಟಾಯಿನ್ ಬರೆದು ಸುಮ್ಮನಾದವರು.

ಫೋಲಿಕ್ ಆಮ್ಲ ಗರ್ಭಧಾರಣೆಗೆ ಮೊದಲೇ ಶುರುವಾಗಬೇಕು. ಎಷ್ಟು ಪ್ರಮಾಣ ಎಂಬುದರಲ್ಲಿ ಮಾರ್ಗಸೂಚಿಗಳು ಒಮ್ಮತಕ್ಕೆ ಬಂದಿಲ್ಲ. ಕನಿಷ್ಠ 0.4 ಮಿಲಿಗ್ರಾಂ ಎನ್ನುವವರಿದ್ದಾರೆ, ಬ್ರಿಟನ್ನಿನ ಹೆರಿಗೆ ತಜ್ಞರ ಕಾಲೇಜು 5 ಮಿಲಿಗ್ರಾಂ ಎನ್ನುತ್ತದೆ, ನಮ್ಮಲ್ಲಿ ಸುಲಭವಾಗಿ ಸಿಗುವುದೂ 5ರ ಮಾತ್ರೆಯೇ. ಯಾವುದನ್ನು ಆರಿಸಿದರೂ ಒಂದು ಮಾನ್ಯ ಮಾರ್ಗಸೂಚಿಯ ಬೆನ್ನಾಸರೆ ಇದ್ದರೆ ಸಾಕು. ಬರೆಯದೇ ಇರುವುದಕ್ಕೆ ಮಾತ್ರ ಯಾವ ಆಸರೆಯೂ ಇಲ್ಲ.

ದಾಖಲೆ ಹೀಗಿರಲಿ. ಉದ್ದ ಬೇಡ, ಆರೇಳು ಸಾಲು:

‘ದಿನಾಂಕ, ಸಮಯ. ವಯಸ್ಸು 22, ಮದುವೆ ನಿಶ್ಚಯವಾಗಿದೆ. ವಾಲ್ಪ್ರೊಯೇಟ್ ದಿನಕ್ಕೆ 800 ಮಿಲಿಗ್ರಾಂ, ಎರಡು ವರ್ಷದಿಂದ ಫಿಟ್ಸ್ ಇಲ್ಲ. ಅಂಗದೋಷ ಸುಮಾರು ನೂರಕ್ಕೆ ಹತ್ತು, ಬೆಳವಣಿಗೆಯ ತೊಂದರೆ ನೂರಕ್ಕೆ ಮೂವತ್ತರಿಂದ ನಲವತ್ತು ಎಂದು ಕನ್ನಡದಲ್ಲಿ ವಿವರಿಸಿದೆ. ಲೆವೆಟಿರಾಸೆಟಾಮ್‌ಗೆ ಬದಲಿಸುವುದು, ಬದಲಿಸುವಾಗ ಫಿಟ್ಸ್ ಮರಳುವ ಸಾಧ್ಯತೆ, ಏನೂ ಬದಲಿಸದಿದ್ದರೆ ಆಗುವುದು ಮೂರನ್ನೂ ಹೇಳಿದೆ. ಬದಲಿಸಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಗರ್ಭನಿರೋಧಕ: ಚರ್ಚಿಸಲಾಗಿದೆ. ಫೋಲಿಕ್ ಆಮ್ಲ ಆರಂಭ. ತಾನಾಗಿ ಮಾತ್ರೆ ನಿಲ್ಲಿಸಬಾರದೆಂದು ಹೇಳಿದೆ.’ ಕೆಳಗೆ ವೈದ್ಯರ ಸಹಿ, ನೋಂದಣಿ ಸಂಖ್ಯೆ, ಆಕೆಯ ಸಹಿ.

ಬೇರೆ ಔಷಧಿಗಳು ಫಲಿಸದೆ ವಾಲ್ಪ್ರೊಯೇಟ್ ಒಂದೇ ಫಿಟ್ಸ್ ಹಿಡಿದಿಡುವ ರೋಗಿಗಳಿದ್ದಾರೆ. ಅವರಿಗೆ ಅದನ್ನು ಮುಂದುವರಿಸುವುದು ನಿರ್ಲಕ್ಷ್ಯವಾಗುವುದಿಲ್ಲ. ಏನೇನು ಪ್ರಯತ್ನಿಸಿ ಏಕೆ ಸೋತಿತು, ಕನಿಷ್ಠ ಎಷ್ಟು ಪ್ರಮಾಣಕ್ಕೆ ಇಳಿಸಲಾಯಿತು ಎಂಬುದನ್ನು ಬರೆದಿಡಿ; ಅಪಾಯ ಪ್ರಮಾಣದೊಂದಿಗೆ ಏರುತ್ತದೆ. ಬ್ರಿಟನ್ನಿನಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರಿಗೆ ಇನ್ನೂ ಬಿಗಿ: 2018ರಿಂದ ಗರ್ಭತಡೆ ಕಾರ್ಯಕ್ರಮ ಕಡ್ಡಾಯ, 2024ರ ಜನವರಿಯಿಂದ 55ರೊಳಗಿನವರಿಗೆ ಹೊಸದಾಗಿ ಶುರುಮಾಡಲು ಇಬ್ಬರು ತಜ್ಞರ ಒಪ್ಪಿಗೆ ಬೇಕು.

ಯಾರ ಒಪ್ಪಿಗೆ

ಆಕೆಯದು. ಹದಿನೆಂಟು ತುಂಬಿದ, ಪ್ರಜ್ಞೆಯಿರುವ ಹೆಂಗಸಿನ ಚಿಕಿತ್ಸೆಗೆ ಗಂಡನದಾಗಲಿ ಅತ್ತೆಯದಾಗಲಿ ಸಹಿ ಬದಲಿಯಾಗದು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೇ ಅಸಿಂಧುವಾಯಿತು, ಏಕೆಂದರೆ ಜೀವಕ್ಕೆ ತುರ್ತು ಅಪಾಯವಿರಲಿಲ್ಲ, ಎಚ್ಚರಾಗುವ ತನಕ ಕಾಯಬಹುದಿತ್ತು.

ಮೂರ್ಛೆರೋಗ ಮನೋರೋಗವಲ್ಲ. ಫಿಟ್ಸ್ ಬಂದು ಅರ್ಧ ಗಂಟೆ ಮಂಕಾಗಿದ್ದರೆ ಆ ಅರ್ಧ ಗಂಟೆ ಬಿಟ್ಟು ಆಮೇಲೆ ಮಾತಾಡಿ. ‘ಫಿಟ್ಸ್ ಪೇಷೆಂಟ್, ಹಾಗಾಗಿ ಗಂಡನ ಸಹಿ ತಗೊಂಡಿದ್ದೇವೆ’ ಎಂಬ ಟಿಪ್ಪಣಿ ವೈದ್ಯರ ವಿರುದ್ಧವೇ ಸಾಕ್ಷ್ಯ. ಕನ್ನಡ ಬಾರದ ತೆಲುಗು, ಉರ್ದು, ಲಂಬಾಣಿ ಮಾತಾಡುವವರಿದ್ದರೆ ಯಾರು ಭಾಷಾಂತರಿಸಿದರು ಎಂದು ಹೆಸರು ಬರೆಯಿರಿ. ಹೆಬ್ಬೆಟ್ಟು ಒತ್ತಿದರೆ ಓದಿ ಹೇಳಿದವರ ಮತ್ತು ಒಬ್ಬ ಸಾಕ್ಷಿಯ ಸಹಿ ಇರಲಿ. ಇಂಗ್ಲಿಷ್ ಅಚ್ಚಿನ ಖಾಲಿ ಫಾರ್ಮಿಗೆ ದಾಖಲಾತಿ ಕೌಂಟರಿನಲ್ಲೇ ಸಹಿ ಹಾಕಿಸಿಕೊಳ್ಳುವ ರೂಢಿ ಒಪ್ಪಿಗೆಯೂ ಅಲ್ಲ, ದಾಖಲೆಯೂ ಅಲ್ಲ.

ಇನ್ನು ಗುಟ್ಟು. ‘ಮದುವೆಗೆ ಮುಂಚೆ ಇತ್ತಾ ಡಾಕ್ಟ್ರೇ, ಒಂದು ಲೆಟರ್ ಕೊಡಿ’ ಎಂದು ಗಂಡನ ಮನೆಯವರು ಕೇಳುವುದು ಓಪಿಡಿಯಲ್ಲಿ ಹೊಸದಲ್ಲ. ಕೊಡಬೇಡಿ. 2002ರ ವೈದ್ಯಕೀಯ ನಡಾವಳಿ ನಿಯಮಗಳು ರೋಗಿಯ ಗುಟ್ಟನ್ನು ಬಿಟ್ಟುಕೊಡುವುದನ್ನು ದುರ್ನಡತೆ ಎನ್ನುತ್ತವೆ. ನ್ಯಾಯಾಲಯದ ಆದೇಶದಂತಹ ಕೆಲವೇ ವಿನಾಯಿತಿಗಳಿವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ‘ಅಪಸ್ಮಾರ’ವನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಇದನ್ನು ಆ ಹೆಣ್ಣುಮಗಳಿಗೆ ತಿಳಿಸಿದರೆ ಆಕೆ ಗಂಡನ ಮನೆಯಲ್ಲಿ ಮಾತ್ರೆಯನ್ನು ಬಚ್ಚಿಟ್ಟು ಡೋಸ್ ತಪ್ಪಿಸುವುದು ಕಡಿಮೆಯಾಗುತ್ತದೆ.

ಎರಡನೆಯ ಹೆಜ್ಜೆ: ಬಸುರಿಯಾಗಿಯೇ ಬಂದಾಗ

ಮೊದಲ ಮಾತು: ಮಾತ್ರೆಯನ್ನು ಅವತ್ತೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದಾಗ ನಿಲ್ಲದ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಹೋಗಬಹುದು. ಎಂಟನೇ ವಾರದಲ್ಲಿ ವಾಲ್ಪ್ರೊಯೇಟ್ ನಿಲ್ಲಿಸಿದರೂ ನರನಾಳಕ್ಕೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಉಳಿದ ತಿಂಗಳುಗಳ ಮೆದುಳಿನ ಬೆಳವಣಿಗೆಯ ಲೆಕ್ಕಕ್ಕೆ ಬದಲಾವಣೆ ಯೋಗ್ಯವೇ ಎಂಬುದನ್ನು ನರರೋಗ ತಜ್ಞರು ಕೆಲವೇ ದಿನಗಳೊಳಗೆ ನಿರ್ಧರಿಸಬೇಕು. ತಾಲ್ಲೂಕಿನಲ್ಲಿ ತಜ್ಞರಿಲ್ಲದಿದ್ದರೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರಿಂದ ವೈದ್ಯರಿಗೆ ಸಮಾಲೋಚನೆಗೆ ದಾರಿ ಕೊಟ್ಟಿದೆ. ಆದರೆ ಎದುರಿಗಿದ್ದು ಚಿಕಿತ್ಸೆ ಮಾಡುವ ವೈದ್ಯರ ಹೊಣೆ ಫೋನಿನ ಆಚೆಗೆ ದಾಟಿಹೋಗುವುದಿಲ್ಲ. ಯಾರೊಂದಿಗೆ, ಎಷ್ಟು ಗಂಟೆಗೆ, ಏನು ಹೇಳಿದರು, ನೀವು ಏನು ಒಪ್ಪಿದಿರಿ ಎಂಬುದು ಕೇಸ್ ಶೀಟಿನಲ್ಲಿ ಬರಲಿ.

ಹೆಚ್ಚು ಪ್ರಕರಣಗಳು ಬಿರುಕು ಬಿಡುವ ಜಾಗ ಇದು: ಅಪಾಯವನ್ನು ಹೆರಿಗೆ ಡಾಕ್ಟರು ಹೇಳಿರುತ್ತಾರೆಂದು ನರರೋಗ ತಜ್ಞರು, ನರರೋಗ ತಜ್ಞರು ಹೇಳಿರುತ್ತಾರೆಂದು ಹೆರಿಗೆ ಡಾಕ್ಟರು. ಇಬ್ಬರೂ ಹೇಳಿರುವುದಿಲ್ಲ. ನಿಮ್ಮ ಪತ್ರದ ಕೊನೆಗೆ ‘ಅಪಾಯದ ವಿವರಣೆ ನಾನು ಕೊಟ್ಟಿದ್ದೇನೆ’ ಅಥವಾ ‘ನೀವು ಕೊಡಬೇಕೆಂದು ಕೋರಿದೆ’ ಎಂದು ಒಂದು ಸಾಲು ಸೇರಿಸಿ.

ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಾಮ್ ಮಟ್ಟ ಬಸುರಿನಲ್ಲಿ ಇಳಿಯುತ್ತದೆ. ಲ್ಯಾಮೊಟ್ರಿಜಿನ್ ಅರ್ಧಕ್ಕಿಂತ ಕೆಳಗೂ ಹೋಗಬಹುದು. ಮೊದಲಿದ್ದ ಡೋಸನ್ನೇ ಒಂಬತ್ತು ತಿಂಗಳೂ ಮುಂದುವರಿಸಿ ಆರನೇ ತಿಂಗಳಲ್ಲಿ ಫಿಟ್ಸ್ ಬಂದರೆ, ‘ಮಾತ್ರೆ ಸರಿಯಾಗಿ ನುಂಗಿಲ್ಲ’ ಎಂದು ಆಕೆಯ ಮೇಲೆ ಹಾಕುವ ಮೊದಲು ಈ ಇಳಿತವನ್ನು ನೀವು ಲೆಕ್ಕ ಹಿಡಿದಿದ್ದಿರಾ ಎಂಬ ಪ್ರಶ್ನೆ ಬರುತ್ತದೆ. ಸಾಧ್ಯವಿದ್ದಲ್ಲಿ ರಕ್ತದಲ್ಲಿನ ಮಟ್ಟ ನೋಡಿ. ಇಲ್ಲದಿದ್ದರೆ ತಿಂಗಳಿಗೊಮ್ಮೆ ಫಿಟ್ಸ್ ಲೆಕ್ಕ ಕೇಳಿ ಡೋಸ್ ತೀರ್ಮಾನಿಸಿ.

ವಿವರವಾದ ಅಂಗದೋಷ ಸ್ಕ್ಯಾನಿಂಗನ್ನು 18ರಿಂದ 20ನೇ ವಾರದೊಳಗೆ ಮಾಡಿಸಿ. ಮಗುವಿನ ಹೃದಯದ ಇಕೊ ಇನ್ನೆರಡು ವಾರ ಕಾಯಬಹುದು. ಈ ವಾರಗಳು ಏಕೆ ಮುಖ್ಯವೆಂದರೆ ಗರ್ಭಪಾತದ ಕಾನೂನು ವಾರಗಳ ಮೇಲೆ ನಿಂತಿದೆ. ಸ್ಕ್ಯಾನಿಂಗ್ ಚೀಟಿ ತಡವಾಗಿ ಬರೆದು ಇಪ್ಪತ್ತೈದನೇ ವಾರದಲ್ಲಿ ಬೆನ್ನುಹುರಿಯ ದೋಷ ಕಂಡರೆ ಆಕೆಯ ಆಯ್ಕೆಯನ್ನು ಕಿತ್ತುಕೊಂಡವರು ನೀವಾಗುತ್ತೀರಿ. ಪ್ರತಿ ಸ್ಕ್ಯಾನಿಂಗಿಗೂ ಭ್ರೂಣಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ ಎಫ್ ನಮೂನೆ ಪೂರ್ತಿ ತುಂಬಿರಬೇಕು. ಬರೀ ಬರವಣಿಗೆಯ ಕೊರತೆ ಎಂದು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿಯಾಗಿದೆ.

ಗರ್ಭಪಾತದ ಪ್ರಶ್ನೆ ಎದ್ದರೆ

‘ಫಿಟ್ಸ್ ಮಾತ್ರೆ ಮೇಲೆ ಬಸುರಾಗಿದೀಯ, ತೆಗೆಸಿಬಿಡು’ ಎಂಬ ಸಲಹೆ ವೈದ್ಯಶಾಸ್ತ್ರಕ್ಕೂ ಹೊಂದದು, ಕಾನೂನಿಗೂ ಹೊಂದದು. ವಾಲ್ಪ್ರೊಯೇಟ್ ಇದ್ದಾಗಲೂ ನೂರರಲ್ಲಿ ತೊಂಬತ್ತು ಮಕ್ಕಳಿಗೆ ದೊಡ್ಡ ಅಂಗದೋಷ ಇರುವುದಿಲ್ಲ. ಎರಡೂ ಬದಿಯ ಅಂಕಿ ಹೇಳಿ, ತೀರ್ಮಾನ ಆಕೆಗೆ ಬಿಡಿ.

1971ರ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯೊಂದಿಗೆ: 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರದು ಬೇಕು, ಅದೂ ನಿಯಮದಲ್ಲಿ ಹೆಸರಿಸಿದ ವರ್ಗಗಳಿಗೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸುರಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಗಣನೀಯ ಅಂಗವೈಕಲ್ಯವುಳ್ಳವರು, ಭ್ರೂಣದಲ್ಲಿ ಗಂಭೀರ ದೋಷ ಕಂಡವರು, ಇನ್ನೂ ಕೆಲವರು. ಎಂಎಸ್‌ನಿಂದ ಕಾಲಿನ ಬಲ ಕಳೆದುಕೊಂಡವರು ಅಂಗವೈಕಲ್ಯದ ವರ್ಗಕ್ಕೆ ಬರಬಹುದು. ನಿಯಂತ್ರಣದಲ್ಲಿರುವ ಮೂರ್ಛೆರೋಗ ತಾನಾಗಿ ಯಾವ ವರ್ಗಕ್ಕೂ ಸೇರದು. 24 ವಾರ ದಾಟಿದರೆ ಭ್ರೂಣದ ಗಣನೀಯ ದೋಷಕ್ಕೆ ಮಾತ್ರ, ವೈದ್ಯಕೀಯ ಮಂಡಳಿಯ ಮೂಲಕ. ಕೋರಿಕೆ ಬಂದ ಮೂರು ದಿನದಲ್ಲಿ ಮಂಡಳಿ ತೀರ್ಮಾನ ಹೇಳಬೇಕು, ಒಪ್ಪಿದರೆ ಐದು ದಿನದೊಳಗೆ ಪ್ರಕ್ರಿಯೆ ಮುಗಿಯಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಬೇಕೆಂದಾದರೆ ಈ ವಾರಗಳ ಮಿತಿ ಅನ್ವಯಿಸದು.

ಗರ್ಭಪಾತದ ಒಪ್ಪಿಗೆ ಪತ್ರವಾದ ಸಿ ನಮೂನೆಯಲ್ಲಿ ಆಕೆಯ ಸಹಿಯೊಂದೇ ಬೇಕಾದದ್ದು. ಗಂಡನನ್ನು ಕರೆತನ್ನಿ ಎಂದು ತಿರುಗಿಸಿ ಕಳಿಸುವುದು ತಪ್ಪೆಂಬುದನ್ನು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಮದುವೆಯಾಗದವರಿಗೂ ಅದೇ ಹಕ್ಕು. ಹದಿನೆಂಟರ ಒಳಗಿನವರಾದರೆ ಪೋಷಕರ ಒಪ್ಪಿಗೆ ಬೇಕು, ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ಮಾಹಿತಿ ಕೊಡುವ ಹೊಣೆಯೂ ಇದೆ; ಹುಡುಗಿ ಅಥವಾ ಪೋಷಕರು ಬೇಡವೆಂದರೆ ಆ ಮಾಹಿತಿಯಲ್ಲಿ ಹೆಸರು, ಗುರುತು ಕೊಡಬೇಕಿಲ್ಲ ಎಂದು ಅದೇ ತೀರ್ಪು ಹೇಳಿತು. ಬುದ್ಧಿ ಬೆಳವಣಿಗೆ ಸ್ವಲ್ಪ ಕಡಿಮೆಯಿರುವ, ಜತೆಗೆ ಮೂರ್ಛೆರೋಗವೂ ಇರುವ ವಯಸ್ಕ ಹೆಂಗಸಿನ ವಿಷಯದಲ್ಲಿ 2009ರ ಸುಚಿತಾ ಶ್ರೀವಾಸ್ತವ ತೀರ್ಪು ನೆನಪಿರಲಿ: ಅದು ಮನೋರೋಗವಲ್ಲ, ಆಕೆಯ ಇಚ್ಛೆಯನ್ನು ದಾಟಿ ಹೋಗುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ ಇನ್ನೂ ಕಠಿಣ. ವಿಕಲಚೇತನ ಮಹಿಳೆಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭ ತೆಗೆದರೆ, ತೀವ್ರ ವೈಕಲ್ಯದ ಪ್ರಸಂಗಗಳ ವಿನಾಯಿತಿ ಬಿಟ್ಟು, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಮೂರನೆಯ ಹೆಜ್ಜೆ: ಫಿಟ್ಸ್ ಬಂದಿರುವ ಹೊತ್ತು

ಪ್ರಜ್ಞೆಯಿಲ್ಲದವರ ಜೀವ ಉಳಿಸಲು ಸಹಿಗೆ ಕಾಯಬೇಕಿಲ್ಲ; ನ್ಯಾಯ ಸಂಹಿತೆಯ 30ನೇ ಕಲಂ ಸದುದ್ದೇಶದ ಇಂತಹ ಚಿಕಿತ್ಸೆಗೆ ರಕ್ಷೆ ಕೊಡುತ್ತದೆ. ಮುಂಗಡ ಹಣಕ್ಕಾಗಿ, ಪೊಲೀಸು ಚೀಟಿಗಾಗಿ, ‘ಬೆಡ್ ಇಲ್ಲ’ ಎಂಬ ನೆಪಕ್ಕಾಗಿ ಪ್ರಥಮ ಚಿಕಿತ್ಸೆ ತಡೆಯುವಂತಿಲ್ಲ. 1989ರ ಪರಮಾನಂದ ಕಟಾರಾ ತೀರ್ಪು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರಿಗೂ ಅನ್ವಯ. ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯೂ ತುರ್ತಿನಲ್ಲಿ ಮುಂಗಡ ಕೇಳಬಾರದೆನ್ನುತ್ತದೆ.

20 ವಾರ ದಾಟಿದ ಬಸುರಿಗೆ ಫಿಟ್ಸ್ ಬಂದರೆ ಬೇರೆ ಕಾರಣ ಖಚಿತವಾಗುವ ತನಕ ಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರಿ ಬರುವ ಫಿಟ್ಸ್) ಎಂದೇ ಹಿಡಿಯಿರಿ. ‘ಇವಳಿಗೆ ಮೊದಲಿಂದ ಫಿಟ್ಸ್ ಇದೆ’ ಎಂದು ಬಿಪಿ ನೋಡದೆ ಫೆನಿಟಾಯಿನ್ ಹಾಕಿ ಮಲಗಿಸುವುದು ಹಳೆಯ, ಮಾರಕ ತಪ್ಪು. ಬಿಪಿ, ಮೂತ್ರದಲ್ಲಿ ಆಲ್ಬುಮಿನ್, ಸಕ್ಕರೆ ನೋಡಿದ ಸಮಯ ದಾಖಲಾಗಿರಲಿ. ಎಕ್ಲಾಂಪ್ಸಿಯಾಕ್ಕೆ ಪ್ರಿಚರ್ಡ್ ಕ್ರಮದಲ್ಲಿ ಮೆಗ್ನೀಸಿಯಂ ಸಲ್ಫೇಟ್ 4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, 5 ಗ್ರಾಂನಂತೆ ಎರಡೂ ಕುಂಡೆಯ ಸ್ನಾಯುವಿಗೆ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಡೋಸಿಗೆ ಮುಂಚೆ ಮಂಡಿಯ ಪ್ರತಿವರ್ತನೆ, ಉಸಿರಾಟದ ಲೆಕ್ಕ, ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಮೂತ್ರ. ಕ್ಯಾಲ್ಸಿಯಂ ಗ್ಲುಕೊನೇಟ್ 1 ಗ್ರಾಂ ಪಕ್ಕದಲ್ಲೇ ಇರಬೇಕು. ಮೂರ್ಛೆರೋಗದ್ದೇ ನಿಲ್ಲದ ಫಿಟ್ಸ್ ಆದರೆ ಲೊರಝೆಪಾಮ್ 4 ಮಿಲಿಗ್ರಾಂ ರಕ್ತನಾಳಕ್ಕೆ, ನಾಳ ಸಿಗದಿದ್ದರೆ ಮಿಡಝೊಲಾಮ್ 10 ಮಿಲಿಗ್ರಾಂ ಸ್ನಾಯುವಿಗೆ.

ಮಯಸ್ತೇನಿಯಾ ಗ್ರೇವಿಸ್ ಇದ್ದರೆ ಮೆಗ್ನೀಸಿಯಂ ಉಸಿರನ್ನೇ ನಿಲ್ಲಿಸಬಹುದು. ಹಾಗಾಗಿ ‘ಮೆಗ್ನೀಸಿಯಂ ಕೊಡಬಾರದು’ ಎಂದು ತಾಯಿ ಕಾರ್ಡಿನ ಮುಂಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು ನರರೋಗ ತಜ್ಞರ ಹೊಣೆ. ಕಾರ್ಡು ತೆರೆದು ನೋಡುವುದು, ಜೊತೆಗೆ ಬಂದವರನ್ನು ಕೇಳುವುದು ಹೆರಿಗೆ ಕೋಣೆಯವರ ಹೊಣೆ.

ರೆಫರ್ ಚೀಟಿಯಲ್ಲಿ ‘ಉನ್ನತ ಚಿಕಿತ್ಸೆಗಾಗಿ’ ಎಂದು ಗೀಚಿದರೆ ಸಾಲದು. ಫಿಟ್ಸ್ ಶುರುವಾದ ಗಂಟೆ, ಕೊಟ್ಟ ಮೆಗ್ನೀಸಿಯಂ ಎಷ್ಟು ಗ್ರಾಂ ಎಷ್ಟು ಗಂಟೆಗೆ, ಬಿಪಿ, ಮಗುವಿನ ಎದೆಬಡಿತ, ದಿನನಿತ್ಯದ ಮಾತ್ರೆಗಳು, ಮುಂದಿನ ಆಸ್ಪತ್ರೆಯಲ್ಲಿ ಮಾತಾಡಿದವರ ಹೆಸರು, ಮಾತಾಡಿದ ಸಮಯ. ಮೆಗ್ನೀಸಿಯಂನ ಸಮಯ ಬರೆಯದ ಒಂದೇ ಕಾರಣಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಮತ್ತೊಮ್ಮೆ ಪೂರ್ತಿ ಡೋಸ್ ಬಿದ್ದು ಉಸಿರಾಟ ನಿಲ್ಲಬಹುದು. 108 ಆಂಬುಲೆನ್ಸ್‌ಗೆ ಹತ್ತಿಸುವ ಮೊದಲು ಶ್ವಾಸನಾಳ, ಡ್ರಿಪ್, ಕ್ಯಾತಿಟರ್ ಸರಿಯಿರಲಿ.

ಸಿಟಿ ಸ್ಕ್ಯಾನ್ ಬೇಕೆನಿಸಿದರೆ ಮಾಡಿಸಿ. ತಲೆಯ ಸಿಟಿಯಿಂದ ಗರ್ಭಕ್ಕೆ ತಲುಪುವ ವಿಕಿರಣ ಮಿಲಿಗ್ರೇಯ ನೂರನೇ ಒಂದು ಪಾಲನ್ನೂ ಮೀರದು. ಗ್ಯಾಡೊಲಿನಿಯಂ (ಚಿತ್ರ ಸ್ಪಷ್ಟವಾಗಲು ಚುಚ್ಚುವ ಔಷಧಿ) ಇಲ್ಲದ ಎಂಆರ್‌ಐಗೆ ಭಯವೇ ಬೇಡ. ‘ಬಸುರಿಗೆ ಸ್ಕ್ಯಾನ್ ಬೇಡ’ ಎಂದು ಮೆದುಳಿನ ರಕ್ತಸ್ರಾವ ಪತ್ತೆಯಾಗದೆ ಹೋದರೆ ಸಮರ್ಥನೆಗೆ ಏನೂ ಉಳಿಯದು.

ತವರಿಗೆ ಹೋಗುವಾಗ, ಬಾಣಂತನದಲ್ಲಿ

ಸೀಮಂತ ಮುಗಿಸಿ ಏಳನೇ ತಿಂಗಳಿಗೆ ತವರಿಗೆ ಹೋದರೆ ಡಾಕ್ಟರೂ ಬದಲು, ಆಸ್ಪತ್ರೆಯೂ ಬದಲು. ಆರನೇ ತಿಂಗಳ ಭೇಟಿಯಲ್ಲೇ ‘ಹೆರಿಗೆ ಎಲ್ಲಿ’ ಎಂದು ಕೇಳಿ, ಒಂದು ಪುಟದ ಸಾರಾಂಶ ಕೈಗೆ ಕೊಡಿ: ಫಿಟ್ಸ್‌ನ ಬಗೆ, ಕೊನೆಯ ಫಿಟ್ಸ್ ದಿನಾಂಕ, ಬಸುರಿಗೆ ಮುಂಚಿನ ಡೋಸ್, ಈಗಿನ ಡೋಸ್, ಹೆರಿಗೆಯಾದ ಮೇಲೆ ಹೇಗೆ ಇಳಿಸಬೇಕು, ಮಗುವಿಗೆ ಹುಟ್ಟಿದೊಡನೆ ವಿಟಮಿನ್ ಕೆ 1 ಮಿಲಿಗ್ರಾಂ. ಲ್ಯಾಮೊಟ್ರಿಜಿನ್ ಏರಿಸಿದ್ದರೆ ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಇಳಿಸಲೇಬೇಕು. ಮರೆತರೆ ಬಾಣಂತಿ ತಲೆಸುತ್ತು, ಎರಡೆರಡು ಕಾಣುವುದು, ತೂರಾಡುವುದು ಎಂದು ವಾಪಸು ಬರುತ್ತಾಳೆ, ತೋಳಲ್ಲಿ ಕೂಸು ಇರುತ್ತದೆ. ಎದೆಹಾಲು ಬಿಡಿಸಬೇಡಿ. ಬಹುಪಾಲು ಔಷಧಿಗಳಲ್ಲಿ ಹಾಲುಣಿಸಬಹುದು, ಮಗು ತೀರಾ ಮಂಪರಾದರೆ ತೋರಿಸಲು ಹೇಳಿದರೆ ಸಾಕು.

ಸಿಸೇರಿಯನ್ ಮಾಡುವಾಗ ‘ಫಿಟ್ಸ್ ಇದೆ, ಇನ್ನು ಮಕ್ಕಳು ಬೇಡ’ ಎಂದು ಅತ್ತೆಯ ಮಾತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮುಗಿಸಿಬಿಡುವುದು ನೇರವಾಗಿ ಸಮೀರಾ ಕೊಹ್ಲಿ ತೀರ್ಪಿನ ಬಾಯಿಗೆ ಬೀಳುವುದು. ಆಕೆಯ ಒಪ್ಪಿಗೆ ಮೊದಲೇ, ಬೇರೆ ಫಾರ್ಮಿನಲ್ಲಿ ಇರಬೇಕು.

ಬಾಣಂತಿಗೆ ಹೊಸದಾಗಿ ತಲೆನೋವು, ಜೊತೆಗೆ ವಾಂತಿ, ಫಿಟ್ಸ್, ಕೈಕಾಲು ಸೋಲುವುದು ಇದ್ದರೆ ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನು ಮೊದಲು ನೆನೆಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಇಂತಹ ಬಾಣಂತಿಯರನ್ನು ನೋಡುತ್ತ ಬಂದಿದ್ದಾರೆ, ಕರ್ನಾಟಕದಲ್ಲಿ ಓದಿದ ವೈದ್ಯರಿಗೆ ಇದು ಅಪರೂಪದ ಕಾಯಿಲೆಯೆಂಬ ನೆಪ ಒಪ್ಪುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯಿರುವ ಮನೆಯಾದರೆ ಎಚ್ಚರ ಇನ್ನೂ ಹೆಚ್ಚಿರಲಿ. ಬೆನ್ನಿಗೆ ಕೊಟ್ಟ ಸೂಜಿಯಿಂದ ಬಂದ ತಲೆನೋವು ಮಲಗಿದರೆ ತಗ್ಗುತ್ತದೆ. ಮಲಗಿದರೂ ತಗ್ಗದ ತಲೆನೋವಿಗೆ ಎಂಆರ್‌ಐ ಜೊತೆ ವೆನೊಗ್ರಾಂ (ಅಭಿಧಮನಿಗಳ ಚಿತ್ರ) ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಅವತ್ತೇ ಕಳಿಸಿ. ಮನೆಯವರು ಒಪ್ಪದೆ ಕರೆದೊಯ್ದರೆ, ಯಾವ ಅಪಾಯ ಹೇಳಿದಿರೆಂಬುದನ್ನು ಬರೆದು ಬಾಣಂತಿಯ ಸಹಿಯನ್ನೇ ಪಡೆಯಿರಿ.

ದಾಖಲೆ, ಮತ್ತು ನೋಟಿಸು ಬಂದ ದಿನ

ಒಳರೋಗಿ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಪ್ರತಿ ಕೊಡಬೇಕು ಎನ್ನುತ್ತವೆ 2002ರ ನಿಯಮಗಳು. ಗರ್ಭಿಣಿಯರ ವಿಷಯದಲ್ಲಿ ಮೂರು ವರ್ಷಕ್ಕೆ ನಿಲ್ಲಬೇಡಿ. ಅಪ್ರಾಪ್ತರಿಗೆ ಕಾಲಮಿತಿ ಕಾಯ್ದೆ ಕೊಡುವ ವಿನಾಯಿತಿಯಿಂದ ಮಗುವಿನ ಹೆಸರಿನಲ್ಲಿ ಹದಿನೆಂಟು ತುಂಬಿದ ಮೇಲೂ ದಾವೆ ಬರಬಹುದು. 21 ವರ್ಷ ಇಡುವುದು ಕ್ಷೇಮ. ಈಗ ಸ್ಕ್ಯಾನ್ ಮಾಡಿಟ್ಟುಕೊಳ್ಳಲು ಖರ್ಚೂ ಹೆಚ್ಚಿಲ್ಲ. ಮಗುವಿಗೆ ಔಷಧಿಯಿಂದ ತೊಂದರೆಯಾಗಿದೆಯೆಂದು ಅನುಮಾನವಿದ್ದರೆ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ವರದಿ ಮಾಡಿ.

ನೋಟಿಸು ಬಂದರೆ ಮೂಲ ಫೈಲನ್ನು ಮೊದಲು ಬೀಗ ಹಾಕಿಡಿ, ಪ್ರತಿ ಮಾಡಿಸಿ, ವೃತ್ತಿ ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನು ವಕೀಲರ ಮೂಲಕ ಗಡುವಿನೊಳಗೆ ಕೊಡಿ. ಬಿಟ್ಟುಹೋದ ಸಾಲನ್ನು ಹಳೆಯ ಪುಟದಲ್ಲಿ ತುರುಕಬೇಡಿ. ಮಸಿಯ ಬಣ್ಣ, ಕಂಪ್ಯೂಟರಿನ ಸಮಯ ಮುದ್ರೆ, ರೋಗಿಯ ಬಳಿ ಇರುವ ಓಪಿಡಿ ಚೀಟಿಯ ಪ್ರತಿ ಮೂರೂ ಅದನ್ನು ಹಿಡಿದುಕೊಡುತ್ತವೆ, ಸರಿಯಾಗಿ ಮಾಡಿದ ಚಿಕಿತ್ಸೆಯ ಮೇಲೂ ಆಗ ಸಂಶಯ ಬೀಳುತ್ತದೆ. ಸ್ಪಷ್ಟನೆ ಬೇಕೇ ಬೇಕೆಂದರೆ ಹೊಸ ಹಾಳೆಯಲ್ಲಿ, ಬರೆಯುತ್ತಿರುವ ದಿನದ ತಾರೀಖು ಮತ್ತು ಗಂಟೆ ಹಾಕಿ, ‘ನಂತರ ಸೇರಿಸಿದ ಟಿಪ್ಪಣಿ’ ಎಂದು ಮೇಲೆ ನಮೂದಿಸಿ ಸಹಿ ಮಾಡಿ.